ಪುಷ್ಯ ಮಳೆಯ ದಿನಕ್ಕೆ ಯಾವ ಗ್ಯಾಜೆಟ್? ಮಲೆನಾಡಿನವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಪುಷ್ಯ ಮಳೆ ಹಿಡಿದಿದೆ. ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲೆ. ಬೆಳಗ್ಗೆ ಹೋದ ಕರೆಂಟ್ ಇನ್ನೂ ಬಂದಿಲ್ಲ. ಮೊಬೈಲಿನಲ್ಲಿ ಟವರ್ ಒಂದು ಕಡ್ಡಿ ತೋರಿಸುತ್ತದೆ, ಮತ್ತೆ ಮಾಯ. ನಾಲ್ಕು ಗಂಟೆಗೆ ಆಫೀಸಿನ ಮೀಟಿಂಗ್ ಇದೆ, ಲ್ಯಾಪ್‌ಟಾಪಿನಲ್ಲಿ ಇರುವುದು 18 ಪರ್ಸೆಂಟ್ ಚಾರ್ಜ್.

ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯಿಂದ ನಾನು ಕೆಲವು ವರ್ಷಗಳಿಂದ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೇನೆ. ತಿಂಗಳಿಗೆ ಒಂದೆರಡು ಸಲ ಬೆಂಗಳೂರಿಗೆ ಹೋಗಿ ಬರುತ್ತೇನೆ. ಶುರುವಿನಲ್ಲಿ ಫೋನ್, ಲ್ಯಾಪ್‌ಟಾಪ್ ಎಲ್ಲವನ್ನೂ ಅಂಗಡಿಯ ಬೆಳಕಿನಲ್ಲಿ ನೋಡಿ ಕೊಂಡೆ. ಮೊದಲ ಮಳೆಗಾಲದಲ್ಲೇ ಅರ್ಧ ಸಾಮಾನು ಕೈಕೊಟ್ಟಿತು. ಆಮೇಲೆ ಒಂದು ಕ್ರಮ ಮಾಡಿಕೊಂಡೆ. ಏನೇ ಕೊಳ್ಳುವುದಿದ್ದರೂ ಮೇಲೆ ಹೇಳಿದಂಥ ದಿನವನ್ನು ಎದುರಿಗಿಟ್ಟುಕೊಂಡು ಆರಿಸುತ್ತೇನೆ. ಮೊದಲು ಕರೆಂಟ್, ಆಮೇಲೆ ನೀರು ಮತ್ತು ಥಂಡಿ, ಆಮೇಲೆ ಟವರ್. ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನೋದು ಕೊನೆಗೆ. ಈ ಬರಹವೂ ಅದೇ ಕ್ರಮದಲ್ಲಿದೆ.

ಹೆಜ್ಜೆ 1: ನಿಮ್ಮ ಒಂದು ವಾರ ಬರೆದುಕೊಳ್ಳಿ

ಅಂಗಡಿಗೆ ಹೋಗುವ ಮೊದಲು ಒಂದು ಹಾಳೆಯಲ್ಲಿ ಮೂರು ವಿಷಯ ಬರೆಯಿರಿ. ಒಂದು ಸಲ ಕರೆಂಟ್ ಹೋದರೆ ನಿಮ್ಮೂರಲ್ಲಿ ಸಾಮಾನ್ಯವಾಗಿ ಎಷ್ಟು ಹೊತ್ತು ಬರುವುದಿಲ್ಲ? ಮನೆಯಲ್ಲಿ ಯಾವ ಕಂಪನಿಯ ಟವರ್ ಸಿಗುತ್ತದೆ, ಎಲ್ಲಿ ನಿಂತರೆ ಸಿಗುತ್ತದೆ? ವಾರದಲ್ಲಿ ಎಷ್ಟು ಗಂಟೆ ಬಸ್ಸು, ರೈಲು, ಬೈಕಿನ ಮೇಲೆ ಇರುತ್ತೀರಿ?

ಶಿವಮೊಗ್ಗ ಪೇಟೆಯೊಳಗೆ ಇರುವವರಿಗೂ ಆಗುಂಬೆ, ಹೊಸನಗರದ ಒಳಹಳ್ಳಿಯಲ್ಲಿ ಇರುವವರಿಗೂ ಇದರ ಉತ್ತರ ಬೇರೆ ಬೇರೆ. ಪೇಟೆ ಮಧ್ಯದ ದುರ್ಗಿಗುಡಿಯಲ್ಲಿ ಮನೆ ಇರುವವರಿಗೆ ದೊಡ್ಡ ಪವರ್ ಬ್ಯಾಂಕ್ ಸುಮ್ನೆ ಭಾರ. ನಮಗೆ ಅದಿಲ್ಲದೆ ದಿನ ನಡೆಯುವುದಿಲ್ಲ.

ಹೆಜ್ಜೆ 2: ಕರೆಂಟಿನ ಲೆಕ್ಕ ಮೊದಲು ಮಾಡಿ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ.

ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಎಂದು ಬರೆದಿರುತ್ತದೆ. 5,000 ಎಂಎಎಚ್‌ನ ಫೋನನ್ನು ಎರಡು ಸಲ ತುಂಬಿಸಬಹುದು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೆ ಆಗುವುದಿಲ್ಲ. ಆ 10,000 ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಹೊರಗೆ ಬರುವಾಗ ಅದು 5 ವೋಲ್ಟಿಗೋ ಇನ್ನೂ ಹೆಚ್ಚಿಗೋ ಏರಬೇಕು. ಏರುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ನಿಜವಾಗಿ ಸಿಗುವುದು 6,000 ಎಂಎಎಚ್ ಆಸುಪಾಸು. ಒಳ್ಳೆಯ ಕಂಪನಿಗಳು ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪಾಸಿಟಿ’ ಎಂದು ಇದನ್ನೇ ಬರೆದಿರುತ್ತವೆ. ಕೊಳ್ಳುವಾಗ ಆ ಸಣ್ಣ ಅಕ್ಷರವನ್ನೇ ಓದಿ.

ಇನ್ನೂ ಸುಲಭದ ಅಳತೆ ವ್ಯಾಟ್-ಅವರ್. ಎಂಎಎಚ್ ಅನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿದರೆ ಸಾಕು. 10,000 ಅಂದರೆ 37 ವ್ಯಾಟ್-ಅವರ್, 20,000 ಅಂದರೆ 74. ಸಾಧಾರಣ ಲ್ಯಾಪ್‌ಟಾಪಿನ ಬ್ಯಾಟರಿ 50ರಿಂದ 60 ವ್ಯಾಟ್-ಅವರ್ ಇರುತ್ತದೆ. ಅಂದರೆ 20,000ದ ಒಂದು ಪವರ್ ಬ್ಯಾಂಕ್ ಲ್ಯಾಪ್‌ಟಾಪನ್ನು ಹೆಚ್ಚುಕಡಿಮೆ ಒಂದು ಸಲ ತುಂಬಿಸುತ್ತದೆ. ಬರೆಯುವುದು, ಮೇಲ್, ಲೆಕ್ಕಪತ್ರ ಇಷ್ಟೇ ಕೆಲಸವಾದರೆ ಇದರಿಂದ ಇನ್ನೊಂದು ಐದಾರು ಗಂಟೆ ಸಿಕ್ಕಿತು.

ಆದರೆ ಲ್ಯಾಪ್‌ಟಾಪ್ ಟೈಪ್-ಸಿ ಪಿನ್ನಿನಲ್ಲಿ ಚಾರ್ಜ್ ಆಗುವಂಥದ್ದೇ ಇರಬೇಕು. ಪವರ್ ಬ್ಯಾಂಕ್ ‘ಪವರ್ ಡೆಲಿವರಿ’ ಪದ್ಧತಿಯಲ್ಲಿ 45 ಅಥವಾ 65 ವ್ಯಾಟ್ ಕೊಡುವಂತಿರಬೇಕು. 18 ಅಥವಾ 22 ವ್ಯಾಟ್ ಕೊಡುವುದು ಫೋನಿಗೆ ಸಾಕು, ಲ್ಯಾಪ್‌ಟಾಪಿಗೆ ಸಾಲದು. ಗೇಮ್ ಆಡಲೆಂದು ಮಾಡಿದ ಲ್ಯಾಪ್‌ಟಾಪುಗಳ ಚಾರ್ಜರ್ 180, 200 ವ್ಯಾಟಿನ ಇಟ್ಟಿಗೆಯಂತಿರುತ್ತದೆ. ಅವನ್ನು ಇಂಥ ಪವರ್ ಬ್ಯಾಂಕ್ ಮೇಲೆ ಪೂರ್ತಿ ಬಲದಲ್ಲಿ ನಡೆಸಲು ಆಗುವುದಿಲ್ಲ. ಕರೆಂಟ್ ಹೋಗುವ ಊರಿಗೆ ಅವು ಸರಿಹೋಗುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಕೇಬಲನ್ನೂ ನೋಡಿ. ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್ ತನಕ. ಅದಕ್ಕಿಂತ ಹೆಚ್ಚಿಗೆ 5 ಆಂಪಿಯರಿನ ಕೇಬಲ್ ಬೇಕು. ನನ್ನ ಚಾರ್ಜರ್ ಸರಿ ಇಲ್ಲ ಅಂತ ಎರಡು ವಾರ ಒದ್ದಾಡಿದೆ. ತಪ್ಪು ಇದ್ದದ್ದು ಬಸ್‌ಸ್ಟ್ಯಾಂಡಿನಲ್ಲಿ ಅವಸರಕ್ಕೆ ಕೊಂಡ ಕೇಬಲಿನಲ್ಲಿ.

ನನ್ನ ಸಲಹೆ ಹೀಗಿದೆ. ಮನೆಯ ಫೋನು, ಲ್ಯಾಪ್‌ಟಾಪು, ಇಯರ್‌ಬಡ್, ಟಾರ್ಚು ಎಲ್ಲವೂ ಟೈಪ್-ಸಿ ಆಗಿರಲಿ. 65 ವ್ಯಾಟಿನ, ಎರಡು ಮೂರು ಪಿನ್ ಇರುವ ಒಂದೇ ಚಾರ್ಜರ್ ಕೊಳ್ಳಿ. ಐಫೋನ್ ಕೂಡ 2023ರ 15ನೇ ಸರಣಿಯಿಂದ ಟೈಪ್-ಸಿಗೆ ಬಂದಿದೆ. ಕರೆಂಟ್ ಬರುವ ಒಂದು ಗಂಟೆಯಲ್ಲಿ ಎಲ್ಲವನ್ನೂ ತುಂಬಿಸಿಕೊಳ್ಳಬೇಕು ಅನ್ನುವಾಗ ಇದರ ಬೆಲೆ ಗೊತ್ತಾಗುತ್ತದೆ.

ಪವರ್ ಬ್ಯಾಂಕ್ ಮತ್ತು ಚಾರ್ಜರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ಮೇಲೆ ‘ಆರ್’ ಅಕ್ಷರದಿಂದ ಶುರುವಾಗುವ ನಂಬರ್ ಇರುತ್ತದೆ. ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಎಂದು ತೋರಿಸುತ್ತದೆ. ಜಾತ್ರೆಯಲ್ಲಿ ಕಡಿಮೆ ಬೆಲೆಗೆ ಸಿಗುವ 50,000 ಎಂಎಎಚ್ ಪೆಟ್ಟಿಗೆಗಳನ್ನು ದಯವಿಟ್ಟು ಮುಟ್ಟಬೇಡಿ. ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ. ಮರದ ಅಟ್ಟ, ಒಣಗಿದ ಅಡಿಕೆ ಚೀಲ ಇರುವ ಮನೆ ನಮ್ಮದು. ಕೆಟ್ಟ ಲಿಥಿಯಂ ಸೆಲ್ ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ.

ವೈಫೈ ಇರುವ ಮನೆಗೆ ಇನ್ನೊಂದು ಪುಟ್ಟ ಸಾಮಾನು: ಕರೆಂಟ್ ಹೋದಾಗ ರೂಟರನ್ನು ನಡೆಸುವ ಬ್ಯಾಟರಿ ಪೆಟ್ಟಿಗೆ, ಅಂದರೆ ಮಿನಿ ಯುಪಿಎಸ್. ಅಂಗೈ ಅಗಲ ಇರುತ್ತದೆ. ರೂಟರ್ 12 ವೋಲ್ಟಿನದಾ, 9 ವೋಲ್ಟಿನದಾ ಎಂದು ಅದರ ಅಡಾಪ್ಟರ್ ಮೇಲೆ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ಮೂರು ನಾಲ್ಕು ಗಂಟೆ ನಡೆಯುತ್ತದೆ. ಫೈಬರ್ ಲೈನಿನ ಗಾಜಿನ ಎಳೆಗೆ ನಡುದಾರಿಯಲ್ಲಿ ಕರೆಂಟ್ ಬೇಕಾಗಿಲ್ಲ. ಆ ತುದಿಯಲ್ಲಿ ಎಕ್ಸ್‌ಚೇಂಜ್, ಈ ತುದಿಯಲ್ಲಿ ನಿಮ್ಮ ರೂಟರ್ ಎರಡೂ ಉಸಿರಾಡುತ್ತಿದ್ದರೆ ಊರಿಡೀ ಕತ್ತಲಾದರೂ ನೆಟ್ ಇರುತ್ತದೆ. ಮನೆಯಲ್ಲಿ ಕೂತು ಕೆಲಸ ಮಾಡುವವರಿಗೆ ದೊಡ್ಡ ಲ್ಯಾಪ್‌ಟಾಪಿಗಿಂತ ಮೊದಲು ಇದು ಬೇಕು.

ಹೆಜ್ಜೆ 3: ಸಿಡಿಲು ಮತ್ತು ಅರ್ಥಿಂಗ್

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಯಂತ್ರಗಳಿಗೆ ಜೂನ್ ಜುಲೈನ ಜಡಿಮಳೆಗಿಂತ ಅಪಾಯ. ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಫೈಬರಿನ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ರೂಟರ್‌ನ ಅಡಾಪ್ಟರ್ ದಾರಿಯಲ್ಲಿ ಬರಬಹುದು. ಹಳೆಯ ತಾಮ್ರದ ಟೆಲಿಫೋನ್ ತಂತಿ ಇದ್ದರೆ ಅದನ್ನೂ ಕಳಚಿ.

ಸರ್ಜ್, ಅಂದರೆ ಕರೆಂಟ್ ಒಮ್ಮೆಲೇ ಏರುವುದನ್ನು ತಡೆಯುವ ಎಕ್ಸ್‌ಟೆನ್ಶನ್ ಬಾಕ್ಸ್ ಒಳ್ಳೆಯದೇ. ಆದರೆ ಮನೆಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಪೂರ್ತಿ ಕೆಲಸ ಮಾಡುವುದಿಲ್ಲ. ಚಾರ್ಜಿಗೆ ಹಾಕಿದಾಗ ಲೋಹದ ಲ್ಯಾಪ್‌ಟಾಪಿನ ಮೈ ಮುಟ್ಟಿದರೆ ಜುಮ್ ಅನ್ನುತ್ತದೆಯೇ? ಚಾರ್ಜರ್ ಎರಡು ಪಿನ್ನಿನದಾಗಿರಬಹುದು, ಇಲ್ಲವೇ ಅರ್ಥಿಂಗ್ ಇಲ್ಲದಿರಬಹುದು. ಒಮ್ಮೆ ವೈರಿಂಗ್‌ನವರನ್ನು ಕರೆಸಿ ತೋರಿಸಿ.

ಹೆಜ್ಜೆ 4: ನೀರು ಮತ್ತು ಥಂಡಿ

ಜಾಹೀರಾತಿನ ‘ವಾಟರ್‌ಪ್ರೂಫ್’ ಎನ್ನುವ ಮಾತನ್ನು ಬಿಟ್ಟು ಐಪಿ ನಂಬರ್ ಕೇಳಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ67 ಅಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆಯುತ್ತದೆ. ಐಪಿ68 ಅದಕ್ಕೂ ಮೇಲೆ, ಎಷ್ಟು ಆಳ ಎಂದು ಕಂಪನಿಯೇ ಹೇಳುತ್ತದೆ. ಐಪಿಎಕ್ಸ್4 ಎಂದರೆ ಎಲ್ಲ ಕಡೆಯಿಂದ ಎರಚುವ ನೀರಿಗೆ ಸಾಕು, ಮುಳುಗಿಸುವಂತಿಲ್ಲ. ಈ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಸಿಹಿನೀರಿನಲ್ಲಿ. ಒಮ್ಮೆ ಕೆಳಗೆ ಬಿದ್ದು ಅಂಚು ಸಡಿಲವಾದರೆ ಆ ಅಂಕಿ ನೆಚ್ಚಿಕೊಳ್ಳಬೇಡಿ. ಐಪಿ68 ಇದ್ದರೂ ನೀರು ಹೋದದ್ದಕ್ಕೆ ಹೆಚ್ಚಿನ ಕಂಪನಿಗಳು ವಾರಂಟಿ ಕೊಡುವುದಿಲ್ಲ.

ತೋಟಕ್ಕೆ ಹೋಗುವವರಿಗೆ ಒಂದು ಮಾತು. ಅಡಿಕೆಗೆ ಔಷಧಿ ಹೊಡೆಯುವ ದಿನ ಫೋನನ್ನು ಜೇಬಿನಲ್ಲಿ ಬರಿದೇ ಇಟ್ಟುಕೊಳ್ಳಬೇಡಿ. ಮೈಲುತುತ್ತ, ಸುಣ್ಣದ ನೀರು ಚಾರ್ಜಿಂಗ್ ಪಿನ್ನಿನ ಲೋಹವನ್ನು ತಿನ್ನುತ್ತದೆ. ಅಪ್ಪಯ್ಯನ ಫೋನ್ ಹಾಗೇ ಹಾಳಾಯಿತು. ಈಗ ಕುತ್ತಿಗೆಗೆ ಹಾಕುವ ಪ್ಲಾಸ್ಟಿಕ್ ಚೀಲ ಕೊಟ್ಟಿದ್ದೇನೆ. ಹಸಿ ಬೆರಳಿಗೆ ಟಚ್ ಸ್ಕ್ರೀನ್ ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ಕರೆ ಎತ್ತಲು ಬಟನ್ ಇರುವ ಸಣ್ಣ ಫೋನನ್ನೇ ತೋಟಕ್ಕೆ ಒಯ್ಯುವವರು ನಮ್ಮೂರಲ್ಲಿ ಈಗಲೂ ಇದ್ದಾರೆ. ಅದು ಒಳ್ಳೆಯ ಯೋಚನೆ.

ಫೋನ್ ನೆನೆದರೆ ತಕ್ಷಣ ಆಫ್ ಮಾಡಿ. ಕವರ್, ಸಿಮ್ ಟ್ರೇ ತೆಗೆಯಿರಿ. ಪಿನ್ ಕೆಳಗೆ ಮಾಡಿ ಮೆಲ್ಲನೆ ತಟ್ಟಿ. ಫ್ಯಾನಿನ ಗಾಳಿಗೆ ಇಡಿ. ಚಾರ್ಜಿಗೆ ಮಾತ್ರ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವುದೂ ಬೇಡ. ಅಕ್ಕಿಯ ಪುಡಿ ಒಳಗೆ ಹೋಗುತ್ತದೆ. ಆ್ಯಪಲ್ ಕಂಪನಿಯೇ ಅಕ್ಕಿಯಲ್ಲಿ ಇಡಬೇಡಿ ಎಂದು ಹೇಳಿದೆ. ಹಾಗೆಯೇ ಒಲೆಯ ಮೇಲಿನ ಅಟ್ಟದಲ್ಲಿ ಇಡುವುದೂ ಬೇಡ. ಮಳೆಗಾಲದಲ್ಲಿ ಎಲ್ಲವನ್ನೂ ಅಲ್ಲೇ ಒಣಗಿಸುವುದು ನಮ್ಮ ರೂಢಿ ನಿಜ. ಆದರೆ ಆ ಬಿಸಿ ಬ್ಯಾಟರಿಗೆ ಕೆಟ್ಟದ್ದು, ಹೊಗೆಯ ಜಿಡ್ಡು ಸ್ಪೀಕರ್ ತೂತು ಮುಚ್ಚುತ್ತದೆ.

ಇನ್ನು ಥಂಡಿ. ಇದು ಸದ್ದಿಲ್ಲದೆ ಕೊಲ್ಲುತ್ತದೆ. ಕ್ಯಾಮೆರಾ, ಬೈನಾಕ್ಯುಲರ್ ಇರುವವರಿಗೆ ಇದು ಬಹಳ ಮುಖ್ಯ. ಗಾಳಿಯ ತೇವ 60–65 ಪರ್ಸೆಂಟ್ ದಾಟಿ ತಿಂಗಳುಗಟ್ಟಲೆ ನಿಂತರೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ. ಜೇಡರ ಬಲೆಯಂಥ ಬಿಳಿ ಎಳೆ. ಗಾಜಿನ ಲೇಪನವನ್ನೇ ತಿಂದು ಹಾಕುತ್ತದೆ. ಜೂನ್‌ನಲ್ಲಿ ಚರ್ಮದ ಚೀಲದಲ್ಲಿ ಜೋಪಾನವಾಗಿ ಎತ್ತಿಟ್ಟ ನನ್ನ ಲೆನ್ಸನ್ನು ದಸರಾಕ್ಕೆ ತೆಗೆದರೆ ಮಂಜು ಕವಿದಂತಾಗಿತ್ತು. ಸರಿ ಹೋಗಲೇ ಇಲ್ಲ. ಕಲಿತದ್ದು ಇದು: ಚರ್ಮದ, ಬಟ್ಟೆಯ ಚೀಲ ತೇವವನ್ನು ಹಿಡಿದಿಡುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಅಡಿಗೆಮನೆ ಡಬ್ಬಿ ತನ್ನಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಒಂದು ಚಿಕ್ಕ ತೇವಮಾಪಕ ಇಡಿ. ಮುಳ್ಳು 40–50ರ ನಡುವೆ ಇರಲಿ. ನೀಲಿ ಬಣ್ಣದ ಜೆಲ್ ಗುಲಾಬಿಯಾದರೆ, ಕಿತ್ತಳೆ ಬಣ್ಣದ್ದು ಹಸಿರಾದರೆ ಅದು ನೀರು ಕುಡಿದಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು, ಆದರೆ ಅಡುಗೆ ಪಾತ್ರೆಯಲ್ಲಿ ಮಾಡಬೇಡಿ.

ಲ್ಯಾಪ್‌ಟಾಪಿಗೆ ಮದ್ದು ಇನ್ನೂ ಸುಲಭ: ದಿನಾ ಬಳಸಿ. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಮೂಲೆಯಲ್ಲಿ ಮುಚ್ಚಿಟ್ಟದ್ದೇ ಬೇಗ ಕೆಡುವುದು. ಇರುವೆ ಕೂಡ ಅಲ್ಲೇ ಗೂಡು ಮಾಡುತ್ತದೆ. ಎಸಿ ಬಸ್ಸಿನಿಂದ ಇಳಿದು ಮನೆಗೆ ಬಂದ ಕೂಡಲೇ ಆನ್ ಮಾಡಬೇಡಿ. ತಣ್ಣನೆಯ ಲೋಹದ ಮೇಲೆ ಹನಿ ಕಟ್ಟಿರುತ್ತದೆ. ಅರ್ಧ ಗಂಟೆ ಬ್ಯಾಗಿನಲ್ಲೇ ಇರಲಿ.

ಹೆಜ್ಜೆ 5: ಟವರ್ ನೋಡಿ ಫೋನ್ ಆರಿಸಿ

ಗುಡ್ಡ, ಕಾಡು ಇರುವಲ್ಲಿ ಕಡಿಮೆ ಫ್ರೀಕ್ವೆನ್ಸಿಯ ಸಿಗ್ನಲ್ ದೂರ ಹೋಗುತ್ತದೆ. ಹೆಚ್ಚಿನ ಫ್ರೀಕ್ವೆನ್ಸಿ ವೇಗ ಕೊಡುತ್ತದೆ, ಆದರೆ ದರೆ, ಮರ, ಗೋಡೆ ಅಡ್ಡ ಬಂದರೆ ಬೇಗ ಸೋಲುತ್ತದೆ. 5ಜಿಯಲ್ಲಿ ಹೆಚ್ಚು ವೇಗ ಕೊಡುವುದು 3,500 ಮೆಗಾಹರ್ಟ್ಸ್. ಒಳಹಳ್ಳಿಯ ಮನೆಯೊಳಗೆ ಅದರಿಂದ ಹೆಚ್ಚೇನೂ ನಿರೀಕ್ಷಿಸಬೇಡಿ. ಬಿಎಸ್‌ಎನ್‌ಎಲ್ 4ಜಿ 700 ಮತ್ತು 2,100 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಅಂದರೆ ಫೋನಿನ ವಿವರದಲ್ಲಿ ‘ಬ್ಯಾಂಡ್ 28’ ಮತ್ತು ‘ಬ್ಯಾಂಡ್ 1’ ಇವೆಯಾ ನೋಡಿ. ಎಷ್ಟೋ ಫೋನಿನಲ್ಲಿ 28 ಇರುವುದಿಲ್ಲ. ಬಿಎಸ್‌ಎನ್‌ಎಲ್ ಮಾತ್ರ ಸಿಗುವ ಊರಿನವರಿಗೆ ಈ ಒಂದು ಅಂಕಿ ಕ್ಯಾಮೆರಾಗಿಂತ ದೊಡ್ಡದು.

ಎರಡು ಸಿಮ್ ಇರಲಿ, ಬೇರೆ ಬೇರೆ ಕಂಪನಿಯದು. ವೈಫೈ ಕಾಲಿಂಗ್ ಇದೆಯಾ ಕೇಳಿ. ಮನೆಗೆ ಫೈಬರ್ ಇದ್ದು ಮೊಬೈಲ್ ಟವರ್ ಇಲ್ಲದಿದ್ದರೆ ಈ ಸೌಲಭ್ಯದಿಂದ ಮಾಮೂಲಿ ನಂಬರಿನ ಕರೆಯೇ ವೈಫೈ ಮೇಲೆ ಬರುತ್ತದೆ. ನಾವು ಮೊದಲು ಒಂದು ಕರೆಗಾಗಿ ಬ್ಯಾಣದ ದಿಬ್ಬ ಹತ್ತುತ್ತಿದ್ದೆವು. ಈಗ ಅಮ್ಮ ಜಗಲಿಯಲ್ಲೇ ಕೂತು ಮಗಳ ಹತ್ತಿರ ಮಾತಾಡುತ್ತಾಳೆ.

ಜಿಪಿಎಸ್‌ಗೆ ನೆಟ್ ಬೇಕಾಗಿಲ್ಲ, ನಕ್ಷೆಗೆ ಬೇಕು. ಕೊಡಚಾದ್ರಿಗೋ ಹುಲಿಕಲ್ ಘಾಟಿಗೋ ಹೊರಡುವ ಮೊದಲು ಆ ಭಾಗದ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಟವರ್ ಇಲ್ಲದ ಕಡೆ ಫೋನ್ ಸಿಗ್ನಲ್ ಹುಡುಕುತ್ತಾ ಬ್ಯಾಟರಿ ತಿನ್ನುತ್ತದೆ. ಘಾಟಿಯಲ್ಲಿ ಫ್ಲೈಟ್ ಮೋಡ್ ಹಾಕಿದರೆ ಚಾರ್ಜ್ ಜಾಸ್ತಿ ಹೊತ್ತು ಬರುತ್ತದೆ.

ಹಳೆಯ ಫೋನ್ ಕೊಳ್ಳುವುದಾದರೆ *#06# ಒತ್ತಿ 15 ಅಂಕಿಯ ಐಎಂಇಐ (ಆ ಫೋನಿನ ಗುರುತಿನ ನಂಬರ್) ನೋಡಿ. ಇಂಗ್ಲಿಷಿನಲ್ಲಿ ಕೆವೈಎಂ (KYM) ಎಂದು ಬರೆದು, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಮೆಸೇಜ್ ಕಳಿಸಿ. ಕದ್ದ ಫೋನ್ ಎಂದು ದೂರಾಗಿ ತಡೆಹಿಡಿದಿದ್ದರೆ ಗೊತ್ತಾಗುತ್ತದೆ.

ಹೆಜ್ಜೆ 6: ಕೆಲಸದ ಲ್ಯಾಪ್‌ಟಾಪ್

ಇಲ್ಲಿ ನಾಲ್ಕೇ ಪ್ರಶ್ನೆ. ತೂಕ ಒಂದೂವರೆ ಕಿಲೋ ಒಳಗಿದೆಯಾ? ಟೈಪ್-ಸಿ ಚಾರ್ಜಿಂಗ್ ಇದೆಯಾ? ರ‍್ಯಾಮ್ 16 ಜಿಬಿ ಇದೆಯಾ, ಇಲ್ಲದಿದ್ದರೆ ಮುಂದೆ ಹೆಚ್ಚಿಸಬಹುದಾ? ಈಗಿನ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಆಮೇಲೆ ಬದಲಿಸಲು ಆಗುವುದಿಲ್ಲ. ನಾಲ್ಕನೆಯದು, ರಿಪೇರಿ ಎಲ್ಲಿ?

ಈ ನಾಲ್ಕನೆಯದನ್ನು ನಾನು ಮೊದಲ ಸಲ ಕೇಳಲಿಲ್ಲ. ಕೀಬೋರ್ಡ್ ಕೆಟ್ಟಾಗ ಬೆಂಗಳೂರಿಗೆ ಕಳಿಸಿ 24 ದಿನ ಕಾದೆ. ‘ಆನ್‌ಸೈಟ್ ವಾರಂಟಿ’ ಎಂದು ಬರೆದಿತ್ತು. ನಮ್ಮ ಪಿನ್‌ಕೋಡ್ ಅದರಲ್ಲಿ ಇರಲಿಲ್ಲ. ನೀವು ಕೊಳ್ಳುವ ಮೊದಲೇ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಪಿನ್‌ಕೋಡ್ ಹೇಳಿ ಕೇಳಿ. ಶಿವಮೊಗ್ಗದಲ್ಲೇ ಸರ್ವಿಸ್ ಸೆಂಟರ್ ಇರುವ ಕಂಪನಿಗೆ ಎರಡು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ನೆಹರೂ ರಸ್ತೆಯ ಅಂಗಡಿಗೂ ಆನ್‌ಲೈನಿಗೂ ಬೆಲೆ ಹೋಲಿಸುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಬ್ಯಾಟರಿ ಬಾಳಿಕೆ ಬರಲು ಸಾಧ್ಯವಾದಾಗ 20ರಿಂದ 80 ಪರ್ಸೆಂಟ್ ನಡುವೆ ಇಟ್ಟುಕೊಳ್ಳಿ ಎನ್ನುತ್ತಾರೆ. ಅದು ಸರಿ. ಆದರೆ ಮಳೆಗಾಲದಲ್ಲಿ ನಾನು 100 ತುಂಬಿಸುತ್ತೇನೆ. ಕರೆಂಟ್ ಇದ್ದಾಗಲೇ ತುಂಬಿಸಿಕೊಳ್ಳದಿದ್ದರೆ ಸಂಜೆಯ ಕೆಲಸ ನಿಲ್ಲುತ್ತದೆ.

ಹೆಜ್ಜೆ 7: ಪ್ರಯಾಣದ ಚೀಲ

ರಾತ್ರಿ ರೈಲಿನಲ್ಲಿ ಚಾರ್ಜಿಂಗ್ ಪಾಯಿಂಟ್ ನಂಬಬೇಡಿ. ಹಲವು ರೈಲುಗಳಲ್ಲಿ ರಾತ್ರಿ 11ರಿಂದ ಬೆಳಗ್ಗೆ 5ರ ತನಕ ಅದನ್ನು ಬಂದ್ ಮಾಡುತ್ತಾರೆ. ತಾಳಗುಪ್ಪ–ಮೈಸೂರು ರಾತ್ರಿ ರೈಲು ಹತ್ತುವವರು ಮನೆಯಲ್ಲೇ ತುಂಬಿಸಿಕೊಂಡು ಹೊರಡಿ.

2023ರಲ್ಲಿ ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮವರೂ ವಿಮಾನ ಹತ್ತುತ್ತಿದ್ದಾರೆ. ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಪೆಟ್ಟಿಗೆಗೆ ಹಾಕುವಂತಿಲ್ಲ. ಸಾಮಾನ್ಯವಾಗಿ 100 ವ್ಯಾಟ್-ಅವರ್ ಒಳಗಿರಬೇಕು. 20,000 ಎಂಎಎಚ್‌ನದು 74 ಆದ್ದರಿಂದ ತೊಂದರೆ ಇಲ್ಲ. ಅದರ ಮೇಲೆ ಬರೆದ ಅಂಕಿ ಅಳಿಸಿ ಹೋಗಿದ್ದರೆ ತಪಾಸಣೆಯವರು ತೆಗೆದಿಡಿಸಬಹುದು.

ಬೈಕಿನಲ್ಲಿ ಓಡಾಡುವವರು ಬ್ಯಾಗಿನ ರೇನ್‌ಕವರ್ ಮಾತ್ರ ನೆಚ್ಚಿಕೊಳ್ಳಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಒಳಗೆ ಬಾಯಿ ಸುತ್ತಿ ಮುಚ್ಚುವ ಡ್ರೈ ಬ್ಯಾಗ್ ಒಂದಿರಲಿ. ಅದಿಲ್ಲದಿದ್ದರೆ ದಪ್ಪ ಗೊಬ್ಬರದ ಪ್ಲಾಸ್ಟಿಕ್ ತೊಳೆದು ಬಳಸಿದರೂ ನಡೆಯುತ್ತದೆ. ತಲೆಗೆ ಕಟ್ಟುವ ಟಾರ್ಚ್ ಕೂಡ ಹಾಕಿಕೊಳ್ಳಿ. ಕೊನೆ ಬಸ್ಸಿಳಿದು ಮನೆಗೆ ನಡೆಯುವಾಗ ಎರಡೂ ಕೈ ಖಾಲಿ ಇರಬೇಕು.

ಹೆಜ್ಜೆ 8: ಹಾಡು, ಓದು, ಆಟ

ಇಯರ್‌ಬಡ್‌ನ ಸದ್ದು ತಡೆಯುವ ತಂತ್ರ ಬಸ್ಸಿನ ಎಂಜಿನ್ನಿನಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದಿಗೆ ಚೆನ್ನಾಗಿ ನಡೆಯುತ್ತದೆ. ತಗಡಿನ ಮೇಲೆ ಬೀಳುವ ಮಳೆಯ ಪಟಪಟ ಸದ್ದಿಗೆ ಅಷ್ಟಾಗಿ ಇಲ್ಲ. ಅದಕ್ಕೆ ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯೇ ಮುಖ್ಯ. ಅಂಗಡಿಯಲ್ಲಿ ಮೂರೂ ಅಳತೆ ಹಾಕಿ ನೋಡಿ.

ಮನೆಗೆ ಒಂದು ಸಣ್ಣ ರೇಡಿಯೊ ಇರಲಿ. ನೆಟ್ ಹೋದಾಗ, ಟವರ್ ಬಿದ್ದಾಗ ಭದ್ರಾವತಿ ಆಕಾಶವಾಣಿ ಕೇಳುತ್ತದೆ. ಮಳೆಯ ಸುದ್ದಿ ಅದರಲ್ಲೇ ತಿಳಿಯುವುದು. ಈಗಿನ ಹೆಚ್ಚಿನ ಫೋನುಗಳಲ್ಲಿ ಇಯರ್‌ಫೋನ್ ತೂತೂ ಇಲ್ಲ, ರೇಡಿಯೊವೂ ಇಲ್ಲ.

ಮೆಮೊರಿ ಕಾರ್ಡ್ ಹಾಕುವ ಫೋನ್ ಅಥವಾ ಟ್ಯಾಬ್ಲೆಟ್ ಸಿಕ್ಕರೆ ಬಿಡಬೇಡಿ. ಪೇಟೆಗೆ ಹೋದಾಗ ತಾಳಮದ್ದಳೆ, ಸಿನಿಮಾ, ಮಕ್ಕಳ ಪಾಠ ಇಳಿಸಿಕೊಂಡು ಬಂದರೆ ವಾರ ಕಳೆಯುತ್ತದೆ. ಓದುವವರಿಗೆ ಇ-ಇಂಕ್ (ಕಾಗದದಂತೆ ಕಾಣುವ) ಪರದೆಯ ರೀಡರ್ ನಿಜಕ್ಕೂ ಹೇಳಿ ಮಾಡಿಸಿದ್ದು. ಒಂದು ಚಾರ್ಜಿಗೆ ವಾರಗಟ್ಟಲೆ ಬರುತ್ತದೆ. ಆದರೆ ಕೊಳ್ಳುವ ಮೊದಲು ಒಂದು ಕನ್ನಡ ಪುಸ್ತಕ ತೆರೆದು ಒತ್ತಕ್ಷರ ಸರಿಯಾಗಿ ಕೂರುತ್ತದೆಯಾ ನೋಡಿ. 6 ಇಂಚಿನ ಪರದೆಯಲ್ಲಿ ಕನ್ನಡದ ಪಿಡಿಎಫ್ ಓದುವುದು ಕಣ್ಣಿಗೆ ಶಿಕ್ಷೆ.

ಹೆಜ್ಜೆ 9: ತಂದ ಮೊದಲ ವಾರ

ಬದಲಿಸಿಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ದಿನ. ಆ ದಿನಗಳಲ್ಲೇ ಪರೀಕ್ಷೆ ಮಾಡಿ. ಮೇನ್ ಸ್ವಿಚ್ ಆಫ್ ಮಾಡಿ ಲ್ಯಾಪ್‌ಟಾಪ್, ರೂಟರ್ ಎಷ್ಟು ಹೊತ್ತು ನಡೆಯುತ್ತವೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ಹೊಸ ಫೋನ್ ಹಿಡಿದು ಅಡುಗೆಮನೆ, ಕೊಟ್ಟಿಗೆ, ತೋಟದ ದಾರಿ ಸುತ್ತಿ. ಹಳೆ ಫೋನಿಗಿಂತ ಟವರ್ ಕಡಿಮೆ ಸಿಕ್ಕರೆ ವಾಪಸ್ ಕೊಡಿ. ಅಂಗಡಿಯವರು ಒಪ್ಪದಿದ್ದರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಅದಕ್ಕೆಲ್ಲ ಜಿಎಸ್‌ಟಿ ಬಿಲ್ ಬೇಕು. ಅದರಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಅಂಗಡಿಯಲ್ಲಿ ಕೊಡುವ ನುಣುಪು ಕಾಗದದ ಬಿಲ್ ನಮ್ಮ ಥಂಡಿಗೆ ಒಂದೇ ಮಳೆಗಾಲದಲ್ಲಿ ಮಾಸಿ ಬಿಳಿಯಾಗುತ್ತದೆ. ಕೈಗೆ ಬಂದ ಕೂಡಲೇ, ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಫೋಟೋ ತೆಗೆದು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.